ಎರಡನೇ ಭಾಗ, ಎರಡು ಭಾಷೆ: ಮುಂಬೈಯಲ್ಲಿ ಬಿಡುಗಡೆಯ ವಾರ

ಬುಧವಾರ

ಕನ್ನಡದ ದೊಡ್ಡ ಸಿನಿಮಾಗಳ ಮುಂದಿನ ಭಾಗಗಳು ಈಚೆಗೆ ಶುಕ್ರವಾರದ ತನಕ ಕಾಯುತ್ತಿಲ್ಲ. ‘ಕೆಜಿಎಫ್ ಚಾಪ್ಟರ್ 2’ ತೆರೆಗೆ ಬಂದದ್ದು 2022ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ಗುರುವಾರ. ‘ಕಾಂತಾರ ಚಾಪ್ಟರ್ 1’ ಬಂದದ್ದು 2025ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯೂ ವಿಜಯದಶಮಿಯೂ ಕೂಡಿ ಬಂದ ಗುರುವಾರ. ರಜೆಯ ಬೆನ್ನಿಗೆ ವಾರಾಂತ್ಯ ಸೇರಿಸಿ ನಾಲ್ಕು ದಿನ ಹೌಸ್‌ಫುಲ್ ಬೋರ್ಡು ನಿಲ್ಲಿಸುವ ಲೆಕ್ಕಾಚಾರ ಅದು. ಮುಂಬೈಯಲ್ಲಿ ಸಿನಿಮಾ ನೋಡಲು ಹೊರಡುವವರು ಬುಧವಾರ ಬೆಳಿಗ್ಗೆಯೇ ಆ ಊರು ಸೇರಿಕೊಂಡರೆ ಒಳ್ಳೆಯದು. ಕರಾವಳಿಯವರಿಗೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಇದೆ. ಮಧ್ಯಾಹ್ನ ಮಂಗಳೂರು ಬಿಟ್ಟು ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಬರುತ್ತದೆ. ಬೆಂಗಳೂರಿನವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವುದಾದರೆ ಸೋಮವಾರ ರಾತ್ರಿಯೇ ಹೊರಡಬೇಕು, ಅದು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ತಲುಪುವಾಗ ಮಂಗಳವಾರ ರಾತ್ರಿಯಾಗಿರುತ್ತದೆ.

ಬೆಂಗಳೂರಿನ ಥಿಯೇಟರುಗಳನ್ನು ಬಿಟ್ಟು ಮುಂಬೈಗೆ ಯಾಕೆ ಹೋಗಬೇಕು ಎಂದರೆ, ಒಂದೇ ಪಿಕ್ಚರನ್ನು ಒಂದೇ ದಿನ ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಹಿಂದಿಯಲ್ಲಿ, ನಮ್ಮವರಲ್ಲದ ಸಾವಿರ ಜನರ ನಡುವೆ ಕೂತು ನೋಡುವ ಅವಕಾಶ ಇಲ್ಲಿದೆ. ಕನ್ನಡದ ನಾಯಕನೊಬ್ಬ ತೆರೆಗೆ ಬಂದಾಗ ಬಾಂದ್ರಾದ ಥಿಯೇಟರಿನ ಸ್ಟಾಲ್‌ನಲ್ಲಿ, ಅಂದರೆ ಕೆಳಗಿನ ಸೀಟುಗಳಲ್ಲಿ, ಶಿಳ್ಳೆ ಬಿದ್ದರೆ ಅಭಿಮಾನಿಯ ಎದೆ ಎಷ್ಟು ಉಬ್ಬುತ್ತದೆ ಎಂಬುದನ್ನು ಅಲ್ಲಿ ಕೂತೇ ತಿಳಿಯಬೇಕು.

ಉಳಿದುಕೊಳ್ಳಲು ಮಾಟುಂಗಾ, ದಾದರ್ ಅಥವಾ ಸಯನ್ ಅನುಕೂಲ. ಲೋಕಲ್ ರೈಲಿನ ಸೆಂಟ್ರಲ್ ಲೈನೂ ವೆಸ್ಟರ್ನ್ ಲೈನೂ ಇಲ್ಲಿಂದ ಕೈಗೆಟಕುವ ದೂರದಲ್ಲಿವೆ. ಮಾಟುಂಗಾ ಪೂರ್ವದಲ್ಲಿ ಸ್ಟೇಷನ್ನಿಗೆ ಅಂಟಿಕೊಂಡ ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಬಾಳೆಲೆ ಊಟ ಮುಗಿಸಿ ಕೆಳಗಿಳಿದರೆ ಸುತ್ತ ತುಳು, ಕನ್ನಡ, ಕೊಂಕಣಿ ಕಿವಿಗೆ ಬೀಳುತ್ತವೆ. ‘ನಾಳೆ ಕನ್ನಡ ಶೋ ಎಲ್ಲಿ ಹಾಕಿದ್ದಾರೆ ಮಾರಾಯ್ರೆ?’ ಎಂದು ಕೇಳಿದರೆ ಆ್ಯಪ್‌ನಲ್ಲಿ ಇನ್ನೂ ಕಾಣಿಸಿಕೊಳ್ಳದ ಸುದ್ದಿಯೂ ಇಲ್ಲಿ ಸಿಗುವುದುಂಟು. ಸಂಘಗಳವರು, ಹೋಟೆಲಿನವರು ಒಟ್ಟಾಗಿ ಟಿಕೆಟ್ ಹಿಡಿಯುವ ರೂಢಿ ಇದೆ.

ಟಿಕೆಟ್ ವಿಷಯದಲ್ಲಿ ಎಡವುವವರೇ ಹೆಚ್ಚು. ಬುಕಿಂಗ್ ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಹಿಂದಿ ಆವೃತ್ತಿಯ ಶೋಗಳು. ಸಿನಿಮಾದ ಹೆಸರು ಒತ್ತಿದ ಮೇಲೆ ಭಾಷೆ, ತೆರೆಯ ಬಗೆ ಎರಡನ್ನೂ ಆರಿಸಿಯೇ ಮುಂದೆ ಹೋಗಬೇಕು. ಹಿಂದಿಗೆ ಊರು ತುಂಬ ಆಟಗಳಿದ್ದರೆ ಕನ್ನಡಕ್ಕೆ ಬೆರಳೆಣಿಕೆ, ಅದೂ ಹೆಚ್ಚಾಗಿ ಘಾಟ್ಕೋಪರ್, ಠಾಣೆ, ನವಿ ಮುಂಬೈ ಕಡೆಯ ಮಲ್ಟಿಪ್ಲೆಕ್ಸ್‌ಗಳಲ್ಲಿ. ಬುಕಿಂಗ್ ಕೆಲವು ದಿನ ಮೊದಲೇ ತೆರೆದರೂ ಕನ್ನಡದ ಶೋಗಳು ಪಟ್ಟಿಗೆ ಸೇರುವುದು ತಡವಾಗಿ. ತೆರೆಗಳ ಹಂಚಿಕೆ ಕುದುರುವುದೇ ಕೊನೆಯ ಗಳಿಗೆಯಲ್ಲಿ, ಹಾಗಾಗಿ ಬುಧವಾರ ಸಂಜೆ ಮತ್ತೊಮ್ಮೆ ನೋಡಿ. ಕೌಂಟರಿನಲ್ಲಿ ಕೊಳ್ಳುವವರು ‘ಕನ್ನಡಾ ವರ್ಷನ್’ ಎಂದು ಬಾಯಿಬಿಟ್ಟು ಹೇಳಿ, ಕೈಗೆ ಬಂದ ಚೀಟಿಯ ಮೇಲೆ ಭಾಷೆ ಅಚ್ಚಾಗಿದೆಯೇ ನೋಡಿಕೊಂಡೇ ಸರಿಯಬೇಕು.

ರಾತ್ರಿ ಮೊದಲ ಭಾಗವನ್ನು ಇನ್ನೊಮ್ಮೆ ನೋಡುವುದು ಬಿಡಬಾರದ ಕೆಲಸ. ಮುಂದಿನ ಭಾಗದ ಅರ್ಧ ಬಲ ನಮ್ಮ ನೆನಪಿನಲ್ಲಿರುತ್ತದೆ. 2018ರ ‘ಕೆಜಿಎಫ್’ನಲ್ಲಿ ಕಥೆ ಹೇಳುವವರು ಅನಂತ್ ನಾಗ್, ಆನಂದ್ ಇಂಗಳಗಿಯಾಗಿ. ಎರಡನೇ ಭಾಗದಲ್ಲಿ ಆ ಕುರ್ಚಿಗೆ ಬಂದವರು ಪ್ರಕಾಶ್ ರಾಜ್, ಮಗ ವಿಜಯೇಂದ್ರ ಇಂಗಳಗಿಯಾಗಿ. ಮೊದಲ ಭಾಗ ಮರೆತವರಿಗೆ ಈ ಬದಲಾವಣೆ ತಟ್ಟುವುದಿಲ್ಲ, ಅನಂತ್ ನಾಗ್ ದನಿ ಕಿವಿಯಲ್ಲಿ ಉಳಿದವರಿಗೆ ಮೊದಲ ನಿಮಿಷದಲ್ಲೇ ಏನೋ ಕಳೆದಂತಾಗುತ್ತದೆ. (ಆ ಅನಂತ್ ನಾಗ್ ಬೆಳೆದು ಬಂದದ್ದು ಇದೇ ಮುಂಬೈಯ ರಂಗಭೂಮಿಯಲ್ಲಿ. ತಮ್ಮ ಶಂಕರ್ ನಾಗ್ ಕೂಡ.) ‘ಕಾಂತಾರ’ದ್ದು ಇನ್ನೊಂದು ಬಗೆ. ಎರಡನೆಯದಾಗಿ ಬಂದ ಸಿನಿಮಾಕ್ಕೆ ಚಾಪ್ಟರ್ 1 ಎಂದು ಹೆಸರು, ಕಥೆ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಗುತ್ತದೆ. ಅಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಘಟನೆಗಳಿಗಿಂತ ದೈವ, ಕಾಡು, ಅರಸರ ನಡುವಿನ ಮಾತು.

ಸೀಕ್ವೆಲ್ ಎಂಬುದು ನಮಗೆ ಈಚಿನದು ಎಂದು ಹೇಳುವವರಿಗೆ ರಾಜ್‌ಕುಮಾರ್ ಅವರ ಸಿಐಡಿ 999 ಸಿನಿಮಾಗಳ ಸಾಲನ್ನು ನೆನಪಿಸಬೇಕು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ದೊರೆ–ಭಗವಾನ್ ಜೋಡಿ ಒಬ್ಬನೇ ನಾಯಕನನ್ನು ನಾಲ್ಕು ಸಿನಿಮಾಗಳಲ್ಲಿ ಓಡಿಸಿತು.

ಗುರುವಾರ

ಕನ್ನಡ ಮೊದಲು, ಹಿಂದಿ ಆಮೇಲೆ. ಇದನ್ನು ತಿರುಗಿಸಬೇಡಿ. ಹಿಂದಿಯಲ್ಲಿ ಕೇಳುವುದು ಬೇರೆಯವರ ದನಿ. ಕೆಜಿಎಫ್‌ನಲ್ಲಿ ಯಶ್‌ಗೆ ಹಿಂದಿಯಲ್ಲಿ ದನಿಯಾದವರು ಸಚಿನ್ ಗೋಲೆ. ‘ಬಾಹುಬಲಿ’ಯ ಪ್ರಭಾಸ್‌ಗೆ ಶರದ್ ಕೇಳ್ಕರ್, ‘ಪುಷ್ಪ’ದ ಅಲ್ಲು ಅರ್ಜುನ್‌ಗೆ ಶ್ರೇಯಸ್ ತಳಪದೆ. ಇವರದು ನಿಜಕ್ಕೂ ದೊಡ್ಡ ಕೆಲಸ, ಹಿಂದಿ ನೋಡುಗರ ಪಾಲಿಗೆ ನಾಯಕನ ಅರ್ಧ ವ್ಯಕ್ತಿತ್ವ ಅವರೇ. ಆದರೆ ತುಟಿಯ ಅಳತೆಗೆ ಮಾತು ಹೊಂದಿಸುವಾಗ ಸಾಲು ಉದ್ದವಾಗುತ್ತದೆ ಇಲ್ಲವೇ ಮೊಟಕಾಗುತ್ತದೆ, ನಾಯಕ ಮಾತಿನ ಮಧ್ಯೆ ಬಿಡುವ ಉಸಿರು ಕಾಣೆಯಾಗುತ್ತದೆ. ಮೂಲದ ಸಂಭಾಷಣೆ ಮೊದಲು ಕಿವಿಗೆ ಬಿದ್ದಿದ್ದರೆ ಸಂಜೆಯ ಹಿಂದಿ ಆಟದಲ್ಲಿ ಎಲ್ಲಿ ಏನು ಬದಲಾಯಿತು ಎಂದು ಹಿಡಿಯಬಹುದು.

ಬೆಳಗಿನ ಮೊದಲ ಆಟಕ್ಕೆ ಅರ್ಧ ಗಂಟೆ ಮುಂಚೆ ಇರಬೇಕು. ಬಿಡುಗಡೆಯ ಬೆಳಿಗ್ಗೆ ಶೋ ತಡವಾದರೆ ಗದ್ದಲ ಎಬ್ಬಿಸುವ ಮೊದಲು ಕಾರಣ ತಿಳಿದಿರುವುದು ಒಳ್ಳೆಯದು. ಈಗ ಸಿನಿಮಾ ಬರುವುದು ಬೀಗ ಹಾಕಿದ ಡಿಜಿಟಲ್ ಕಡತವಾಗಿ. ಅದನ್ನು ತೆರೆಯುವ ಕೀಲಿ ಕೆಡಿಎಂ ಎಂಬ ಇನ್ನೊಂದು ಚಿಕ್ಕ ಕಡತ. ಒಂದು ಕೀಲಿ ಒಂದು ಥಿಯೇಟರಿನ ಒಂದು ಸರ್ವರ್‌ಗೆ ಮಾತ್ರ ಒಗ್ಗುತ್ತದೆ, ಅದೂ ಗೊತ್ತುಪಡಿಸಿದ ದಿನ, ಗಂಟೆಗಳ ನಡುವೆ ಮಾತ್ರ. ಕನ್ನಡ ಆವೃತ್ತಿಗೆ ಬೇರೆ ಕೀಲಿ, ಹಿಂದಿಗೆ ಬೇರೆ. ಕೀಲಿ ತಡವಾಗಿ ಬಂದರೆ, ಸರ್ವರ್ ಬದಲಾಗಿ ಹಳೆಯ ಯಂತ್ರದ ಹೆಸರಿನಲ್ಲಿ ಕೀಲಿ ಬಂದರೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇನ್ನೊಂದು ತೊಡಕೂ ಇದೆ. ಎರಡನೇ ಭಾಷೆಯನ್ನು ಎಷ್ಟೋ ಸಲ ಪೂರ್ತಿ ಸಿನಿಮಾವಾಗಿ ಕಳಿಸದೆ, ಮೂಲ ಕಡತದ ಚಿತ್ರಗಳನ್ನೇ ಬಳಸುವ ಪೂರಕ ಕಡತವಾಗಿ ಕಳಿಸುತ್ತಾರೆ. ಮೂಲ ಕಡತ ಸರ್ವರ್‌ಗೆ ಏರಿರದಿದ್ದರೆ ಪೂರಕ ಒಂದೇ ಓಡದು. ಕನ್ನಡದ ಶೋ ಇದ್ದಕ್ಕಿದ್ದಂತೆ ಹಿಂದಿ ಆಟವಾಗಿ ಬದಲಾಗುವುದರ ಹಿಂದೆ ಇಂಥ ಕಾರಣವೂ ಇರಬಹುದು. ಆಗ ಮ್ಯಾನೇಜರ್ ಬಳಿ ಹೋಗಿ, ಟಿಕೆಟ್‌ನಲ್ಲಿ ಕನ್ನಡ ಎಂದಿರುವುದನ್ನು ತೋರಿಸಿ, ಹಣ ವಾಪಸ್ ಅಥವಾ ಮುಂದಿನ ಆಟ ಕೇಳಿ. ಚೀಟಿಯಲ್ಲಿ ಭಾಷೆ ನೋಡಿಕೊಳ್ಳಿ ಎಂದದ್ದು ಇದಕ್ಕೇ.

ಸೀಟು ಆರಿಸುವಾಗ ಹಿಂದಿನ ಸಾಲೇ ಉತ್ತಮ ಎಂಬ ನಂಬಿಕೆ ಬೇಡ. ಪರದೆಯಿಂದ ಹಿಂಗೋಡೆಯವರೆಗಿನ ದೂರವನ್ನು ಮೂರು ಪಾಲು ಮಾಡಿ, ಎರಡನೇ ಪಾಲು ಮುಗಿಯುವ ಕಡೆ ನಟ್ಟನಡುವೆ ಕೂರಬೇಕು. ಧ್ವನಿ ಸರಿಹೊಂದುವುದು ಹೆಚ್ಚುಕಡಿಮೆ ಅಲ್ಲೇ. ತೀರಾ ಹಿಂದಿನ ಸಾಲಿನಲ್ಲಿ ಹಿಂಗೋಡೆಯ ಸ್ಪೀಕರುಗಳು ಮಾತನ್ನು ನುಂಗುತ್ತವೆ. ರವಿ ಬಸ್ರೂರು, ಅಜನೀಶ್ ಲೋಕನಾಥ್ ಅಂಥವರ ಹಿನ್ನೆಲೆ ಸಂಗೀತ ಇರುವಾಗಂತೂ ಆ ವ್ಯತ್ಯಾಸ ಢಾಳಾಗಿ ಕೇಳುತ್ತದೆ.

ಮಹಾರಾಷ್ಟ್ರದಲ್ಲಿ ಆಟಕ್ಕೆ ಮುನ್ನ ರಾಷ್ಟ್ರಗೀತೆ ಇರುತ್ತದೆ, ಅಷ್ಟರೊಳಗೆ ಸೀಟಿನ ಬಳಿ ಇರಿ. ನಾಯಕನ ಎಂಟ್ರಿಯನ್ನು ಮೊಬೈಲ್‌ನಲ್ಲಿ ಹಿಡಿಯುವ ಚಟ ಇದ್ದವರು ಅದನ್ನು ಇಲ್ಲಿಗೇ ನಿಲ್ಲಿಸಬೇಕು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಥಿಯೇಟರಿನಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು, ದಂಡ 3 ಲಕ್ಷ ರೂಪಾಯಿಯಿಂದ ಶುರು. ಮೆಚ್ಚಿನ ನಟನ ಸಿನಿಮಾವನ್ನು ಸ್ಟೇಟಸ್ಸಿಗೆ ಹಾಕಿ ಹಾಳು ಮಾಡುವುದು ಅಭಿಮಾನವಲ್ಲ.

ಹೆಸರುಗಳು ಓಡತೊಡಗಿದ ಕೂಡಲೇ ಏಳಬೇಡಿ. ‘ಕೆಜಿಎಫ್ 2’ರಲ್ಲಿ ಮೂರನೇ ಭಾಗದ ಸುಳಿವು ಇದ್ದದ್ದು ಹೆಸರುಗಳು ಶುರುವಾದ ಮೇಲೆ. ದೀಪ ಹತ್ತಿಸಿ, ಬಾಗಿಲು ತೆರೆದು, ಕಸ ಗುಡಿಸುವವರು ಒಳಬಂದರೂ ಕೂತೇ ಇರಿ.

ಸಂಜೆ ಬಾಂದ್ರಾ. ಪಶ್ಚಿಮದ ಕಡೆ ಸ್ಟೇಷನ್‌ನಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಗೇಯ್ಟಿ ಗ್ಯಾಲಕ್ಸಿ. 1972ರಲ್ಲಿ ಶುರುವಾದದ್ದು. ಗೇಯ್ಟಿ, ಗ್ಯಾಲಕ್ಸಿ, ಜೆಮಿನಿ, ಗ್ಲಾಮರ್, ಜೆಮ್, ಗಾಸಿಪ್, ಗ್ರೇಸ್ ಎಂಬ ಏಳು ತೆರೆಗಳಿರುವುದರಿಂದ ಜನ ಜಿ7 ಎನ್ನುತ್ತಾರೆ. ಹಿಂದಿ ಸಿನಿಮಾದ ಹಣೆಬರಹ ತಿಳಿಯಲು ತಾರೆಯರೇ ಬಂದು ಬಾಗಿಲ ಸಂದಿಯಲ್ಲಿ ನಿಂತು ಜನರ ಮುಖ ನೋಡುವ ಜಾಗ ಇದು. ಟಿಕೆಟ್ ತೆಗೆಯುವಾಗ ಯಾವ ತೆರೆ ಎಂದು ನೋಡಿ. ಹೊಸ ದೊಡ್ಡ ಸಿನಿಮಾ ಮುಖ್ಯವಾಗಿ ಗೇಯ್ಟಿಯಲ್ಲಿರುತ್ತದೆ, ಚಿಕ್ಕ ತೆರೆಗಳಲ್ಲಿ ಆ ಅಬ್ಬರ ಸಿಗದು. ಬಾಲ್ಕನಿಯಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ, ಸ್ಟಾಲ್‌ನಲ್ಲಿ ಜನ ಚೆನ್ನಾಗಿ ಕಾಣುತ್ತಾರೆ. ಬೆಳಿಗ್ಗೆ ಸಿನಿಮಾ ನೋಡಿ ಆಗಿರುವುದರಿಂದ ಸಂಜೆಗೆ ಸ್ಟಾಲ್ ಸಾಕು.

ಎಂಟ್ರಿಗೆ ಮುನ್ನ ಏನಾಗುತ್ತದೆ ಎಂದು ಗಮನಿಸಿ. ಮೊದಲು ಕಾಲು, ಆಮೇಲೆ ಬೆನ್ನು, ಆಮೇಲೆ ಕೈ, ಮುಖ ಮಾತ್ರ ಇಲ್ಲ. ಇಷ್ಟಾಗುವಾಗ ಮುಂದಿನ ಸಾಲುಗಳು ಎದ್ದು ನಿಂತಿರುತ್ತವೆ. ಹಿನ್ನೆಲೆ ಸಂಗೀತ ಒಂದು ಗಳಿಗೆ ನಿಲ್ಲುತ್ತದೆ, ಆ ಮೌನದಲ್ಲಿ ಎಲ್ಲೋ ಒಂದೇ ಒಂದು ಶಿಳ್ಳೆ ಸೀಳುತ್ತದೆ, ಮುಖ ತೆರೆಗೆ ಬಂದದ್ದೇ ಹರಿದ ಕಾಗದದ ಚೂರುಗಳು ಪ್ರೊಜೆಕ್ಟರ್ ಬೆಳಕಿನಲ್ಲಿ ಹಾರುತ್ತವೆ. ಎಂಟ್ರಿಯ ನಂತರದ ಹತ್ತು ಹದಿನೈದು ಸೆಕೆಂಡು ಸಂಕಲನಕಾರ ಮಾತೇ ಇಡುವುದಿಲ್ಲ, ಇಟ್ಟರೂ ಯಾರಿಗೂ ಕೇಳಿಸದು ಎಂದು ಗೊತ್ತು. ಬೆಳಿಗ್ಗೆ ಮಲ್ಟಿಪ್ಲೆಕ್ಸಿನಲ್ಲಿ ಎಳೆದಂತೆ ಕಂಡ ಆ ಖಾಲಿ ಜಾಗ ಯಾಕಿತ್ತು ಎಂಬುದು ಸಂಜೆ ಸ್ಟಾಲ್‌ನಲ್ಲಿ ಅರ್ಥವಾಗುತ್ತದೆ. ಎರಡು ಸಲ ನೋಡುವುದರ ಲಾಭ ಇದೇ.

ಪಟಾಕಿ ಕಂಡರೆ ಮಾತ್ರ ಎದ್ದು ಹೊರನಡೆಯಿರಿ. 2023ರ ನವೆಂಬರ್‌ನಲ್ಲಿ ‘ಟೈಗರ್ 3’ ಓಡುತ್ತಿದ್ದಾಗ ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ ಥಿಯೇಟರಿನ ಒಳಗೇ ಪಟಾಕಿ ಹಚ್ಚಿ ಜನ ದಿಕ್ಕಾಪಾಲಾಗಿ ಓಡಿದರು. 2024ರ ಡಿಸೆಂಬರ್ 4ರ ರಾತ್ರಿ ‘ಪುಷ್ಪ 2’ ಪ್ರೀಮಿಯರ್ ವೇಳೆ ಹೈದರಾಬಾದಿನ ಸಂಧ್ಯಾ ಥಿಯೇಟರ್ ಬಳಿ ನೂಕುನುಗ್ಗಲಾಗಿ ತಾಯಿಯೊಬ್ಬರು ಪ್ರಾಣ ಕಳೆದುಕೊಂಡರು. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಹುಡುಗರು ಹೋದರು. ಒಳಗೆ ಕೂತ ಕೂಡಲೇ ಎರಡು ಹೊರಬಾಗಿಲುಗಳನ್ನು ಗುರುತಿಸಿಕೊಳ್ಳಿ. ಆಟ ಮುಗಿದ ಮೇಲೆ ಮೊದಲ ಅಲೆಯ ಜೊತೆ ಮೆಟ್ಟಿಲಿಗೆ ನುಗ್ಗಬೇಡಿ, ಮಕ್ಕಳು ಜೊತೆಗಿದ್ದರೆ ಮೊದಲ ದಿನದ ಸ್ಟಾಲ್ ಬೇಡವೇ ಬೇಡ.

ಶುಕ್ರವಾರ

ಸಿನಿಮಾಗಳು ವರ್ಷಗಟ್ಟಲೆ ಓಡಿದ ಜಾಗಗಳಿಗೆ ಈ ದಿನ. ಮುಂಬೈ ಸೆಂಟ್ರಲ್ ಸ್ಟೇಷನ್ನಿನ ಎದುರು, ಎಸ್‌ಟಿ ಬಸ್ ಡಿಪೋ ಬಳಿ ಮರಾಠಾ ಮಂದಿರ್. 1960ರ ಆಗಸ್ಟ್ 5ರಂದು ‘ಮುಘಲ್-ಎ-ಆಜಂ’ ಪ್ರೀಮಿಯರ್ ಆದದ್ದು ಇಲ್ಲೇ, ರೀಲುಗಳು ಬಂದದ್ದು ಆನೆಯ ಮೇಲೆ. 1995ರ ಅಕ್ಟೋಬರ್ 20ರಂದು ತೆರೆಕಂಡ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ 2014ರ ಡಿಸೆಂಬರ್‌ನಲ್ಲಿ ಇಲ್ಲಿ 1000 ವಾರ ದಾಟಿತು. ಆ ಸಿನಿಮಾದ ಬೆಳಗಿನ 11.30ರ ಆಟಕ್ಕೆ ಹೆಸರಾದ ಥಿಯೇಟರ್ ಇದು. ಹೊರಡುವ ಮುನ್ನ ಆ ದಿನದ ಸಮಯ ಖಚಿತಪಡಿಸಿಕೊಳ್ಳಿ. ಟಿಕೆಟ್ ಮಲ್ಟಿಪ್ಲೆಕ್ಸಿಗಿಂತ ಎಷ್ಟೋ ಅಗ್ಗ. ಊರಿನ ಬಸ್ ಕಾಯುವವರು, ರಾತ್ರಿ ಪಾಳಿ ಮುಗಿಸಿದವರು, ಕಾಲೇಜು ಹುಡುಗರು ಎಲ್ಲ ಸೇರಿ ಮಾತುಗಳನ್ನು ನಾಯಕನಿಗಿಂತ ಮೊದಲೇ ಹೇಳುತ್ತಾರೆ.

ಅಲ್ಲಿಂದ ಲ್ಯಾಮಿಂಗ್ಟನ್ ರೋಡ್ ಕಡೆ ಹೋದರೆ ಮಿನರ್ವಾ ಇದ್ದ ಜಾಗ. ಕಟ್ಟಡ ಈಗಿಲ್ಲ. ‘ಶೋಲೆ’ 1975ರ ಆಗಸ್ಟ್ 15ರಿಂದ ಇಲ್ಲಿ ಐದು ವರ್ಷ ಓಡಿತು, 70 ಎಂ.ಎಂ. ಪರದೆ, ಸ್ಟೀರಿಯೋ ಧ್ವನಿಯೊಂದಿಗೆ. ನಮ್ಮ ರಾಮನಗರದ ಬಂಡೆಗಳು ಐದು ವರ್ಷ ಈ ರಸ್ತೆಯ ಪರದೆಯ ಮೇಲೆ ಇದ್ದವು ಎಂದುಕೊಂಡರೆ ಖಾಲಿ ಜಾಗದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

ಮಧ್ಯಾಹ್ನ ಮರೀನ್ ಲೈನ್ಸ್‌ನಲ್ಲಿ 1949ರ ಲಿಬರ್ಟಿ, ಕೊಲಾಬಾದಲ್ಲಿ 1933ರ ರೀಗಲ್. ಎರಡನ್ನೂ ಹೊರಗಿನಿಂದ ನೋಡಿದರೂ ಸಾಕು. ರಾತ್ರಿಗೆ ಚರ್ಚ್‌ಗೇಟ್ ಸ್ಟೇಷನ್ ಎದುರಿನ ಇರೋಸ್ ಇಟ್ಟುಕೊಳ್ಳಿ. 1938ರ ಈ ಆರ್ಟ್ ಡೆಕೋ ಕಟ್ಟಡ ಹಲವು ವರ್ಷ ಮುಚ್ಚಿದ್ದು 2024ರಲ್ಲಿ ಐಮ್ಯಾಕ್ಸ್ ಆಗಿ ಬಾಗಿಲು ತೆರೆಯಿತು. ಐಮ್ಯಾಕ್ಸ್ ಟಿಕೆಟ್‌ಗೆ ಹೆಚ್ಚು ಹಣ ಕೊಡುವ ಮೊದಲು ಸಿನಿಮಾದ ಚೌಕಟ್ಟು ಎಂಥದ್ದು ಎಂದು ತಿಳಿದುಕೊಳ್ಳಿ. ಐಮ್ಯಾಕ್ಸ್‌ನ ಎತ್ತರದ ಪರದೆಗೆಂದೇ ಚೌಕಟ್ಟು ಹಿಗ್ಗಿಸಿದ ಸಿನಿಮಾ ಆದರೆ ಕೊಟ್ಟ ಹಣ ಸಾರ್ಥಕ. ಬರೀ ಅಗಲದ ಸ್ಕೋಪ್ ಸಿನಿಮಾ ಆದರೆ ಮೇಲೂ ಕೆಳಗೂ ಕಪ್ಪು ಪಟ್ಟಿ ಉಳಿಯುತ್ತದೆ. ಆದರೂ ಕೆಜಿಎಫ್‌ನಂಥ ಮಸಿಬಣ್ಣದ ಚಿತ್ರಗಳಿಗೆ ಒಳ್ಳೆಯ ಬೆಳಕಿನ ಪ್ರೊಜೆಕ್ಟರ್ ಬೇಕೇ ಬೇಕು. ಹಳೆಯ ಥಿಯೇಟರುಗಳ ಜೆನಾನ್ ದೀಪ ಗಂಟೆಗಳು ಕಳೆದಂತೆ ಮಂಕಾಗುತ್ತದೆ, ಬದಲಿಸಲು ಖರ್ಚು ಹೆಚ್ಚು ಎಂದು ಮಾಲೀಕರು ಎಳೆದಾಡುತ್ತಾರೆ. ಕೆಜಿಎಫ್‌ನ ಛಾಯಾಗ್ರಾಹಕ ಭುವನ್ ಗೌಡ ಇಟ್ಟ ನೆರಳುಗಳು ಅಂಥ ಕಡೆ ಬರೀ ಕತ್ತಲಾಗಿ ಕಾಣುತ್ತವೆ.

ಒಂದು ಲೆಕ್ಕ ಸದಾ ತಲೆಯಲ್ಲಿರಲಿ. ‘ಕೆಜಿಎಫ್ 2’ರ ಅವಧಿ 2 ಗಂಟೆ 48 ನಿಮಿಷ. ಜಾಹೀರಾತು, ಇಂಟರ್ವಲ್ ಸೇರಿದರೆ ಮೂರೂಕಾಲು ಗಂಟೆ ದಾಟುತ್ತದೆ. ‘ಪುಷ್ಪ 2’ ಇನ್ನೂ ಉದ್ದ, ಸಿನಿಮಾವೇ ಮೂರು ಗಂಟೆ ಮೀರಿದ್ದು. ರಾತ್ರಿ ಹತ್ತರ ಆಟಕ್ಕೆ ಹೋದರೆ ಹೊರಬರುವಾಗ ಕೊನೆಯ ಲೋಕಲ್ ಹೋಗಿರುತ್ತದೆ, ಏಳರ ಒಳಗಿನ ಆಟ ಹಿಡಿಯಿರಿ.

ಶನಿವಾರ

ಪೆಡ್ಡರ್ ರಸ್ತೆಯಲ್ಲಿ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ, 2019ರ ಜನವರಿಯಲ್ಲಿ ತೆರೆದದ್ದು. ಹಳೆಯ ಗುಲ್ಶನ್ ಮಹಲ್ ಬಂಗಲೆ, ಪಕ್ಕದಲ್ಲಿ ಹೊಸ ಕಟ್ಟಡ. ಸೋಮವಾರ ರಜೆ. ಫಾಲ್ಕೆ ಅವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಜನರೆದುರು ಬಂದದ್ದು ಇಲ್ಲಿಂದ ಹೆಚ್ಚು ದೂರವಲ್ಲದ ಗಿರಗಾಂವ್‌ನ ಕಾರೊನೇಷನ್‌ನಲ್ಲಿ. ಮೂರು ಗಂಟೆ ಇಟ್ಟುಕೊಂಡು ಹಳೆಯ ಕ್ಯಾಮೆರಾಗಳನ್ನು ಹತ್ತಿರದಿಂದ ನೋಡಿ. ಗೋರೆಗಾಂವ್ ಪೂರ್ವದ ಫಿಲ್ಮ್ ಸಿಟಿಗೆ ಸುಮ್ಮನೆ ಹೋದರೆ ಗೇಟಿನಲ್ಲೇ ವಾಪಸ್, ಮೊದಲೇ ಬುಕ್ ಮಾಡಿದ ಪ್ರವಾಸದ ಬಸ್ಸಿನಲ್ಲಷ್ಟೇ ಪ್ರವೇಶ. ತಾರೆಯರು ಕಾಣಸಿಗುತ್ತಾರೆ ಎಂಬ ಆಸೆ ಇಟ್ಟುಕೊಂಡರೆ ನಿರಾಸೆ. ಸಮಯ ಕಡಿಮೆಯಿದ್ದರೆ ಇದನ್ನೇ ಕೈಬಿಡಿ.

ಭಾನುವಾರ

ಜುಹುವಿನಲ್ಲಿರುವ ಬಚ್ಚನ್ ಮನೆ ಜಲ್ಸಾ ಮುಂದೆ ಭಾನುವಾರ ಸಂಜೆ ಜನ ಸೇರುವುದು ದಶಕಗಳ ರೂಢಿ. ಅಮಿತಾಭ್ ಬಚ್ಚನ್ ಊರಲ್ಲಿದ್ದು ಆರೋಗ್ಯವಾಗಿದ್ದರೆ ಗೇಟಿನ ಬಳಿ ಬಂದು ಕೈಮುಗಿಯುತ್ತಾರೆ, ಅದೂ ಚಪ್ಪಲಿ ಕಳಚಿ. ಬರುವುದಿಲ್ಲ ಎಂದಾದರೆ ಹೆಚ್ಚಾಗಿ ತಮ್ಮ ಬ್ಲಾಗ್‌ನಲ್ಲಿ ಮೊದಲೇ ತಿಳಿಸುತ್ತಾರೆ, ಓದಿಕೊಂಡೇ ಹೊರಡಿ. ನಾಲ್ಕೂವರೆಗೆ ಹೋಗಿ ರಸ್ತೆಯಾಚೆಯ ಬದಿಯಲ್ಲಿ ನಿಂತರೆ ತಳ್ಳಾಟವಿಲ್ಲದೆ ಕಾಣುತ್ತದೆ, ಗೇಟಿಗೆ ಅಂಟಿ ನಿಂತವರಿಗೆ ಮುಂದಿನವರ ಕೈಯಲ್ಲಿರುವ ಮೊಬೈಲುಗಳೇ ಕಾಣುವುದು. ಕನ್ನಡದವರಿಗೆ ಈ ಗೇಟಿನ ಮುಂದೆ ನೆನಪಾಗಬೇಕಾದದ್ದು 1982ರ ಜುಲೈ 26. ‘ಕೂಲಿ’ಯ ಹೊಡೆದಾಟದ ದೃಶ್ಯದಲ್ಲಿ ಅವರಿಗೆ ಹೊಟ್ಟೆಗೆ ಪೆಟ್ಟು ಬಿದ್ದದ್ದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ. ಮೊದಲು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆ. ಸಿನಿಮಾದಲ್ಲಿ ಆ ಏಟಿನ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿ, ಪೆಟ್ಟು ಬಿದ್ದದ್ದು ಇಲ್ಲೇ ಎಂದು ಬರಹದಲ್ಲಿ ತೋರಿಸಿದ್ದಾರೆ.

ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನ ಮನ್ನತ್ ಮುಂದೆ ನಿಜವಾದ ಜಾತ್ರೆ ನವೆಂಬರ್ 2ಕ್ಕೆ, ಶಾರುಖ್ ಹುಟ್ಟುಹಬ್ಬಕ್ಕೆ. 2025ರಲ್ಲಿ ಮನೆಯ ನವೀಕರಣ ಶುರುವಾಗಿ ಕುಟುಂಬ ಬೇರೆಡೆಗೆ ಹೋದದ್ದರಿಂದ ಉಳಿದ ದಿನಗಳಲ್ಲಿ ಗೇಟಿನ ಫೋಟೊಕ್ಕಷ್ಟೇ ತೃಪ್ತಿಪಡಬೇಕು. ಸಲ್ಮಾನ್ ಇರುವ ಗ್ಯಾಲಕ್ಸಿ ಅಪಾರ್ಟ್‌ಮೆಂಟ್ಸ್ ಬಳಿ 2024ರ ಏಪ್ರಿಲ್‌ನಲ್ಲಿ ಗುಂಡು ಹಾರಿದ ಮೇಲೆ ಕಾವಲು ಬಿಗಿಯಾಗಿದೆ, ನಿಂತು ಕಾಯಲು ಬಿಡುವುದಿಲ್ಲ.

ಸೋಮವಾರ

ಸಿನಿಮಾದವರು ಎದೆ ಹಿಡಿದುಕೊಂಡು ಕಾಯುವುದು ಸೋಮವಾರವನ್ನು. ರಜೆ, ವಾರಾಂತ್ಯದ ಗಳಿಕೆಯಲ್ಲಿ ಅಭಿಮಾನಿಗಳ ಹಣ ಇರುತ್ತದೆ, ಸೋಮವಾರ ಬರುವವರು ಬಾಯಿಮಾತು ಕೇಳಿ ಬಂದವರು. ‘ಕಾಂತಾರ’ದ ಮೊದಲ ಸಿನಿಮಾ ಹಿಂದಿ ಸೀಮೆಯಲ್ಲಿ ಗೆದ್ದದ್ದು ಹೀಗೆ ಬಾಯಿಂದ ಬಾಯಿಗೆ ಹರಡಿ. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂತು, ಹಿಂದಿಯಲ್ಲಿ ಬಂದದ್ದು ಎರಡು ವಾರ ಕಳೆದು, ಅಕ್ಟೋಬರ್ 14ಕ್ಕೆ.

ಮಲ್ಟಿಪ್ಲೆಕ್ಸಿನಲ್ಲಿ ಸೋಮವಾರದ ಬೆಳಗಿನ ಆಟಕ್ಕೆ ವಾರಾಂತ್ಯದ ದರ ಇರುವುದಿಲ್ಲ. ಕನ್ನಡ ಆವೃತ್ತಿಗೆ ಕತ್ತರಿ ಬೀಳುವುದೂ ಇಲ್ಲಿಂದಲೇ. ಮೊದಲು ಹೋಗುವುದು ರಾತ್ರಿಯ ಆಟ, ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂದರೆ ಉಳಿದದ್ದೂ ಹೋಗಬಹುದು. ಮುಂಬೈಯಲ್ಲಿ ನೆಂಟರಿದ್ದರೆ ‘ಆಮೇಲೆ ನೋಡಿದರಾಯಿತು’ ಎನ್ನಲು ಬಿಡದೆ ಈ ಬೆಳಗಿನ ಆಟಕ್ಕೇ ಅವರನ್ನು ಕರೆದುಕೊಂಡು ಹೋಗಿ. ಸೀಟು ಭರ್ತಿಯಾದ ಕನ್ನಡ ಶೋ ಎರಡನೇ ವಾರಕ್ಕೂ ಉಳಿಯುವ ಸಾಧ್ಯತೆ ಹೆಚ್ಚು. ವಾಪಸ್ ಹೊರಡುವ ಮತ್ಸ್ಯಗಂಧಾ ಮಧ್ಯಾಹ್ನ ಮೂರರ ಮೇಲೆ. ಘಾಟ್ಕೋಪರಿನಲ್ಲಿ ಒಂಬತ್ತರ ಆಟ ಹಿಡಿದರೆ, ಹೆಸರುಗಳು ಮುಗಿಯುವ ತನಕ ಕೂತರೂ ಹನ್ನೆರಡೂವರೆಗೆ ಹೊರಗೆ, ಊಟ ಮಾಡಿ ಕುರ್ಲಾ ಸೇರಲು ಬೇಕಾದಷ್ಟು ಸಮಯ ಇರುತ್ತದೆ.